ಪಿಂಟೋ ಅವರ ಪರೋಪಕಾರದ ಕಾಟ

ಶ್ರೀಮಂತರನ್ನು ಕಂಡು ಹೊಟ್ಟೆಕಿಚ್ಚು ಪಡುವುದು ಸುಲಭ. ಅವರ ಬಗ್ಗೆ ಎರಡು ಮಾತಾಡಿದರೆ ಕೇಳುವವರೂ ತಲೆಯಾಡಿಸುತ್ತಾರೆ, ತಮ್ಮದೂ ಒಂದು ಸೇರಿಸುತ್ತಾರೆ. ಒಳ್ಳೆಯವರನ್ನು ಕಂಡು ಹೊಟ್ಟೆಕಿಚ್ಚು ಪಡುವವನ ಪಾಡು ಮಾತ್ರ ಯಾರಿಗೂ ಬೇಡ. ಯಾರ ಮುಂದೆ ತೋಡಿಕೊಂಡರೂ ಉಗಿಸಿಕೊಳ್ಳಬೇಕು. ಬಾಂದ್ರಾದ ಚಾಳಿನಲ್ಲಿದ್ದ ಅಷ್ಟು ವರ್ಷವೂ ನಾನು ಇದೇ ಪಾಡನ್ನು ಬಾಯಿಬಿಡದೆ ಅನುಭವಿಸಿದೆ. ಕಾರಣ, ಬಲಗಡೆಯ ಖೋಲಿಯ ಪಿಂಟೋ.

ಪಿಂಟೋ ಮಂಗಳೂರಿನ ಕಡೆಯವರು. ನನ್ನ ಹಾಗೆಯೇ ಫೋರ್ಟ್ ಕಡೆ ಒಂದು ಆಫೀಸಿನಲ್ಲಿ ಗುಮಾಸ್ತರು. ಸಂಜೆ ಇಬ್ಬರೂ ಒಂದೇ ಲೋಕಲ್‌ನಿಂದ ಹಿಂಡಿದ ನಿಂಬೆಹಣ್ಣಿನಂತೆ ಇಳಿಯುತ್ತಿದ್ದೆವು. ನಾನು ಮನೆ ಸೇರಿ ಚಹಾಕ್ಕೆ ಕಾಯುತ್ತಾ ಕೂತರೆ, ಅವರು ಮುಖ ತೊಳೆದು ಓಣಿಯ ಕೊನೆಯ ಚರ್ಚಿಗೆ ಹೊರಟುಬಿಡುತ್ತಿದ್ದರು. ಅಲ್ಲಿ ಮಕ್ಕಳಿಗೆ ಪಾಠ, ಬಡವರಿಗೆ ಔಷಧಿ, ಹೆಂಗಸರಿಗೆ ಹೊಲಿಗೆ ಕ್ಲಾಸು. ಎಲ್ಲದರ ಹಿಂದೆಯೂ ಪಿಂಟೋ. ನನ್ನ ಹೆಂಡತಿ ಧಾರವಾಡದವಳು. ಮಾತನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸವಿಲ್ಲ.

"ಪಿಂಟೋ ಅವರನ್ನ ನೋಡ್ರಿ. ನಿಮ್ಮ ಜೋಡೀನ ಟ್ರೇನ್ ಇಳೀತಾರ. ಆಗಲೇ ಮೂಲಿಮನಿ ಅಜ್ಜಿಗೆ ಸೀಮಿಎಣ್ಣಿ ತಂದುಕೊಟ್ಟು ಹೋದ್ರು. ನೀವು ಇನ್ನೂ ಬೂಟಿನ ಲೇಸು ಬಿಚ್ಚಲಿಕ್ಕತ್ತೀರಿ!"

ಅವಳೂ ಆ ಹೊಲಿಗೆ ಕ್ಲಾಸಿಗೆ ಸೇರಿದ್ದಳು. ನನಗೊಂದು ಪಾಯಜಾಮ ಹೊಲಿದಳು. ಅದರ ಎಡಗಾಲು ಬಲಗಾಲಿಗಿಂತ ಗೇಣುದ್ದ ಚಿಕ್ಕದು. ಅದನ್ನು ತೊಟ್ಟು ನಡೆದಾಗಲೆಲ್ಲ ನನಗೆ ಪಿಂಟೋ ನೆನಪಾಗುತ್ತಿದ್ದರು.

ಚರ್ಚಿನ ಹಿಂದೆ ಮುನ್ಸಿಪಾಲಿಟಿಯ ಪುಟ್ಟ ಉದ್ಯಾನವಿತ್ತು. ಆ ವರ್ಷದ ಮಳೆಗಾಲದಲ್ಲಿ ಅಲ್ಲಿನ ಜೋಕಾಲಿಯ ಕಂಬ ಉರುಳಿಬಿದ್ದು, ಮಕ್ಕಳೆಲ್ಲ ನಮ್ಮ ಚಾಳಿನ ಮೆಟ್ಟಿಲ ಮೇಲೆ ಗಲಾಟೆ ಮಾಡುತ್ತಿದ್ದರು. ಪಿಂಟೋ ಇನ್ನೂ ಕೈಹಾಕದ ಒಂದು ಪರೋಪಕಾರ ಈ ಬಾಂದ್ರಾದಲ್ಲಿ ಉಳಿದಿದೆ ಎಂದು ನನಗೆ ಅಂದು ಹೊಳೆಯಿತು. ಕೂಡಲೇ ಒಂದು ಉದ್ಯಾನ ಸೇವಾ ಸಮಿತಿ ಕಟ್ಟಿದೆ. ಅಧ್ಯಕ್ಷ ನಾನು, ಸದಸ್ಯರು ಎಡಗಡೆಯ ಖೋಲಿಯ ಪಾಟೀಲರೊಬ್ಬರೇ. ಬಿಜಾಪುರದ ಕಡೆಯ ಗಟ್ಟಿ ಆಳು, ಕಟ್ಟಡದ ಕೆಲಸದವರು. ಗುದ್ದಲಿಯೂ ಅವರದೇ.

"ಸಾಹೇಬ್ರ, ಪಿಂಟೋ ಸಾಹೇಬ್ರಿಗೂ ಒಂದ್ ಮಾತ ಹೇಳೂಣೇನ್ರಿ? ನಾಲ್ಕ್ ಮಂದೀನ ಕರಕೊಂಡ ಬರ್ತಾರ" ಎಂದರು ಪಾಟೀಲರು.

"ಬ್ಯಾಡ ಬ್ಯಾಡ. ಪಾಪ, ಅವರಿಗೆ ಮದಲ ಭಾಳ ಕೆಲಸ" ಎಂದೆ. ಅಷ್ಟು ಕರುಣೆ ನನ್ನ ದನಿಯಲ್ಲಿ ಎಲ್ಲಿಂದ ಬಂತೋ! ಮುಹೂರ್ತಕ್ಕೆ ಚರ್ಚಿನ ಭಾನುವಾರ ಬೆಳಗಿನ ಪೂಜೆಯ ವೇಳೆಯನ್ನೇ ಆರಿಸಿದ್ದೂ ನಾನೇ. ಆಗ ಪಿಂಟೋ ಚರ್ಚಿನಿಂದ ಅಲ್ಲಾಡುವಂತಿಲ್ಲ. ಉದ್ಯಾನದ ಮಾಲಿಯನ್ನು ಕೇಳಿದರೆ, "ಕರೋ ಸಾಬ್, ಹಮ್ ತೋ ಬೋಲ್ ಬೋಲ್‌ಕೇ ಥಕ್ ಗಯಾ" ಎಂದು, ಮೇಲಿನವರಿಗೆ ಹೇಳಿ ಹೇಳಿ ಸಾಕಾದವನಂತೆ ಬೀಡಿ ಹಚ್ಚಿದ.

ಪಾಟೀಲರು ಗುಂಡಿ ತೋಡಿದರು, ನಾನು ಎಲ್ಲಿ ತೋಡಬೇಕೆಂದು ತೋರಿಸಿದೆ. ಕಂಬ ಎತ್ತುವಾಗ ಮಾತ್ರ ಅಧ್ಯಕ್ಷನೂ ಕೈಕೊಡಬೇಕಾಯಿತು. ಅರ್ಧಕ್ಕೆ ಎತ್ತಿದ್ದೆವೋ ಇಲ್ಲವೋ, ನನ್ನ ಸೊಂಟದಲ್ಲಿ ಏನೋ ಚಳುಕ್ ಎಂದಿತು. ನಾನು ಕೈಬಿಟ್ಟೆ. ಕಂಬ ಪಾಟೀಲರ ಪಾದದ ಮೇಲೆ ಕೂತಿತು. "ಯವ್ವಾ!" ಎಂದು ಅವರು, "ಅಯ್ಯಪ್ಪಾ" ಎಂದು ನಾನು, ಇಡೀ ಸಮಿತಿಯೇ ನೆಲಕ್ಕೆ ಬಿತ್ತು.

ಅಷ್ಟರಲ್ಲಿ ಪೂಜೆ ಮುಗಿಯಿತು. ನಮ್ಮ ನರಳಾಟ ಕೇಳಿ ಬೇಲಿಯಾಚೆಯಿಂದ ಎಲ್ಲರಿಗಿಂತ ಮುಂದೆ ಓಡಿಬಂದವರು ಯಾರೆಂದು ಬೇರೆ ಹೇಳಬೇಕೆ?

"ಎಂತ ಮಾರಾಯ್ರೆ ಇದು! ನನಗೆ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ?"

ಪಾಟೀಲರನ್ನು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕಳಿಸಿದರು. ನನ್ನನ್ನು ಬೆಂಚಿನ ಮೇಲೆ ಮಲಗಿಸಿದರು. ಆಮೇಲೆ ಭಾನುವಾರದ ಇಸ್ತ್ರಿ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ, ಹತ್ತಾರು ಜನರನ್ನು ಕೂಡಿಸಿ, ನಾನು ನೋಡುತ್ತಿದ್ದಂತೆಯೇ ಜೋಕಾಲಿ ನಿಲ್ಲಿಸಿಬಿಟ್ಟರು. ಹೆಸರು ಅವರೇ ಹೊಡೆದುಕೊಳ್ಳಲಿ ಎಂದು ನಾನು ಮನಸ್ಸಿನಲ್ಲೇ ಹಾರೈಸಿದೆ. ಆಗ ಸಾಯುವವರೆಗೂ ಹೇಳಿಕೊಳ್ಳಲು ನನಗೊಂದು ದೂರಾದರೂ ದಕ್ಕುತ್ತಿತ್ತು. ಆ ಮನುಷ್ಯ ಅದನ್ನೂ ಕಿತ್ತುಕೊಂಡರು. "ಇದೆಲ್ಲ ನಮ್ಮ ಕುಲಕರ್ಣಿಯವರ ಐಡಿಯಾ! ತಾಲಿಯಾ!" ಎಂದು ನನ್ನತ್ತ ಕೈತೋರಿಸಿ ಕೂಗಿದರು. ಜನ ಚಪ್ಪಾಳೆ ತಟ್ಟಿದರು. ಮಲಗಿದ್ದಲ್ಲಿಂದಲೇ ನಾನು ಕೈಮುಗಿದೆ.

ಮರುದಿನ ಸಂಜೆ ಪಿಂಟೋ ಕಾಯಿಲೆಯವರನ್ನು ಕಾಣಲು ಹೋಗುವ ಚರ್ಚಿನ ತಂಡದೊಂದಿಗೆ ನಮ್ಮ ಖೋಲಿಗೆ ಬಂದರು. ಗಿಟಾರು ತಂದಿದ್ದರು, ಕೇಕು ತಂದಿದ್ದರು. ಹುಡುಗಿಯರು ಮೆಲ್ಲಗೆ ಒಂದು ಹಾಡು ಹೇಳಿದರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ನನಗೂ, ಛೇ, ಎಂಥ ಒಳ್ಳೆಯ ಮನುಷ್ಯ ಅನ್ನಿಸಿತು. ಒಳಗಿನ ಉರಿ ತಣ್ಣಗಾಯಿತು.

ಅವರೆಲ್ಲ ಎದ್ದು ಪಾಟೀಲರ ಖೋಲಿಗೆ ಹೋದರು. ನಡುವೆ ಒಂದು ಹಲಗೆಯ ಗೋಡೆ. ಅಲ್ಲೂ ಹಾಡು ಶುರುವಾಯಿತು. ಆಗಲಿ, ಪಾಪ. ಅದು ಮುಗಿದು ಇನ್ನೊಂದು ಹಾಡು ಶುರುವಾಯಿತು. "ಇನ್ನೊಂದು ತುಂಡು ತಗೊಳ್ಳಿ ಪಾಟೀಲ್ರೇ" ಎಂಬ ಪಿಂಟೋ ದನಿ, ಪಾಟೀಲರ ನಗು. ನಾನು ಹೆಂಡತಿಯನ್ನು ಕರೆದೆ.

"ಹೋಗಿ ನೋಡಿ ಬಾ, ಅವರ ಕೇಕಿನಾಗ ಗೋಡಂಬಿ ಅವ ಏನು? ನಮ್ಮದರಾಗ ಇರಲಿಲ್ಲ."

ಹೋಗಿ ಬಂದಳು. "ಅವ. ಇರಲಿ ಬಿಡ್ರಿ, ಅವರ ಕಾಲು ಮುರದದ. ನಿಮ್ಮದು ಬರೇ ಉಳುಕು."

ಪಿಂಟೋ ಮೇಲಿನ ನನ್ನ ಹೊಟ್ಟೆಕಿಚ್ಚು ಅಂದಿಗೆ ನಿಜವಾಗಿಯೂ ಬಿಟ್ಟುಹೋಯಿತು. ಮೂರನೆಯ ಹಾಡು ಕೇಳುತ್ತಾ, ನಾನು ಆ ಕಂಬವನ್ನು ಒಂದಿಷ್ಟು ಈಚೆಗೆ, ನನ್ನ ಕಾಲ ಮೇಲೆಯೇ ಕೈಬಿಡಬಾರದಿತ್ತೆ ಎಂದು ಪರಿತಪಿಸುತ್ತಾ ಮಲಗಿದ್ದೆ.