ರೈಲುಕಂಬಿಯ ಮಳೆಗಂಟೆ

ಬಾಳೂರಿನ ಎಸ್ಟೇಟ್ ಗೋದಾಮಿನ ಮಾಡಿಗೆ ತೂಗುಹಾಕಿದ್ದ ರೈಲುಕಂಬಿ ತುಂಡು ಐದು ವರ್ಷದಿಂದ ಬಾಯಿ ಮುಚ್ಚಿಕೊಂಡಿತ್ತು. ಮಳೆಯ ಸುದ್ದಿಯೂ ಈಗ ವಾಟ್ಸಾಪಿನಲ್ಲೇ ನೋಡಿ! ಮೂವತ್ತು ವರ್ಷ ಎಸ್ಟೇಟಿನ ಲೆಕ್ಕ ಬರೆಯುತ್ತ ಅದನ್ನು ಬಡಿದಿದ್ದ ನಿವೃತ್ತ ರೈಟರ್ ಸುಬ್ಬಣ್ಣನಿಗೆ ಅದನ್ನು ಕಂಡಾಗಲೆಲ್ಲ ಸಂಕಟ. ಕಣದಲ್ಲಿ ಕಾಫಿ ಒಣಗುವಾಗ ಮೋಡ ಕವಿದರೆ ಅವನು 'ಠಣ್ ಠಣ್ ಠಠಠಣ್' ಎಂದು ಮಳೆಗಂಟೆ ಹೊಡೆಯುತ್ತಿದ್ದ. ಕೂಲಿಯಾಳುಗಳ ಲೈನುಮನೆಗಳಿಂದ ಜನ ತಲೆಗೆ ಗೋಣಿ ಹಾಕಿಕೊಂಡು ಕಾಫಿ ರಾಶಿ ಮಾಡಲು ಓಡಿ ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಅವನ ಹೆಂಡತಿ ಸಾವಿತ್ರಮ್ಮ. ಮದುವೆಯಾದ ಹೊಸದರಲ್ಲಿ ಒಮ್ಮೆ ಹಾಗೇ ಓಡಿ ಬಂದು ಒದ್ದೆ ಕಾಫಿಯ ಮೇಲೆ ಜಾರಿ ಬಿದ್ದಳು. ಸುಬ್ಬಣ್ಣ ನಕ್ಕುಬಿಟ್ಟ. ಮೂರು ದಿನ ಮಾತಿಲ್ಲ! ಈಗ ಅವಳೇ ಇಲ್ಲ.

ಆ ಬೆಳಿಗ್ಗೆ ಭೂಕಂಪದ ತಾಲೀಮು ಮಾಡಿಸಲು ಅಧಿಕಾರಿ ರೂಪಶ್ರೀ ಜೀಪಿನಲ್ಲಿ ಬಂದಿಳಿದರು.

"ನಾನು ಸೀಟಿ ಊದಿದ್ರೆ ಭೂಮಿ ನಡುಗ್ತಿದೆ ಅಂತ. ಹೊರಗೆ ಓಡ್ಬೇಡಿ. ಮಂಚದಡಿ ಕೂತು ಅದರ ಕಾಲು ಹಿಡ್ಕೊಳ್ಳಿ. ನಡುಕ ನಿಂತ್ಮೇಲೆ ಗಂಟೆ ಆಗುತ್ತೆ, ಆಗ ತಲೆ ಮುಚ್ಕೊಂಡು ಬಯಲಿಗೆ ಬನ್ನಿ."

"ಗಂಟೆ ನಾನು ಹೊಡೀತೇನೆ!" ಎಂದ ಸುಬ್ಬಣ್ಣ.

ಹೊಸ ಮ್ಯಾನೇಜರ್ ತನ್ಮಯ್ ನಕ್ಕ. "ಆಯ್ತು ರೈಟ್ರೇ. ಜನ ಬಂದ್ರೆ ನಿಮ್ಮ ಗಂಟೆ ಉಳೀತು. ಬರ್ಲಿಲ್ಲ ಅಂದ್ರೆ ಇವತ್ತೇ ಗುಜರಿಗೆ."

ಸೀಟಿ ಊದಿದ್ದೇ ಊರಿಗೆ ಊರೇ ಮಂಚದಡಿ ಸೇರಿತು. ಸ್ವಲ್ಪ ಹೊತ್ತು ಬಿಟ್ಟು ಸುಬ್ಬಣ್ಣ ಒಂದೇ ಸಮನೆ ಗಂಟೆ ಹೊಡೆದ. ಒಬ್ಬರೂ ಬರಲಿಲ್ಲ. ಪಕ್ಕದ ಲೈನುಮನೆಗೆ ಓಡಿ ಬಗ್ಗಿ ನೋಡಿದರೆ ತಂಗಮ್ಮ ಮಂಚದಡಿ ಆರಾಮಾಗಿ ಎಲೆಅಡಿಕೆ ಜಗಿಯುತ್ತಿದ್ದಳು.

"ಇಲ್ಲಿ ತಂಪಾಗಿದೆ ಮಾರಾಯ್ರೆ. ಮಂಡಿ ಬೇರೆ ಹಿಡ್ಕೊಂಡಿದೆ, ಆಮೇಲೆ ಬರ್ತೇನೆ."

ರೂಪಶ್ರೀ ಗಡಿಯಾರ ನೋಡಿದರು. ತನ್ಮಯ್ ಗಂಟೆ ನೋಡಿದ. ಸುಬ್ಬಣ್ಣ ಗೋದಾಮಿಗೆ ಓಡಿದ. ಮತ್ತೆ ಸುತ್ತಿಗೆ ಎತ್ತಿದವನ ಕೈ ತಾನಾಗಿಯೇ ಹಳೆಯ ತಾಳ ಹಿಡಿಯಿತು: ಠಣ್ ಠಣ್ ಠಠಠಣ್!

"ಅಯ್ಯಯ್ಯೋ ಮಳೆ! ಕಾಫಿ!"

ಗೋಣಿ ಹೊದ್ದ ಜನ ನಾಲ್ಕೂ ಕಡೆಯಿಂದ ಕಣಕ್ಕೆ ನುಗ್ಗಿದರು. ಮಂಡಿ ನೋವಿನ ತಂಗಮ್ಮನೇ ಮೊದಲು! ಸುಬ್ಬಣ್ಣನ ಕಣ್ಣು ಮಾತ್ರ ಸಾವಿತ್ರಮ್ಮ ಬರುತ್ತಿದ್ದ ದಾರಿಯನ್ನೇ ಹುಡುಕಿ ಒದ್ದೆಯಾಯಿತು.

"ಎಲ್ರೂ ಬಯಲಲ್ಲಿ! ಎಲ್ರ ತಲೆ ಮೇಲೂ ದಪ್ಪ ಗೋಣಿ! ಎರಡೇ ನಿಮಿಷ!" ರೂಪಶ್ರೀ ಕುಣಿದಾಡಿದರು. "ನಿಮಗೇ ಬಹುಮಾನ!"

ಬಹುಮಾನ ಜೀಪಿನಿಂದ ಇಳಿಯಿತು. ಹೊಚ್ಚ ಹೊಸ ಸೈರನ್.

"ಇನ್ಮೇಲೆ ಸೀಟಿ ಬೇಡ. ಇದು ಕೂಗಿದ್ರೆ ಎಲ್ರೂ ಮಂಚದಡಿ. ಮತ್ತೆ ಆ ಕಂಬಿ ತೆಗೆದುಬಿಡಿ. ಭೂಕಂಪದಲ್ಲಿ ಮೊದಲು ತಲೆ ಮೇಲೆ ಬೀಳೋದೇ ಇಂಥ ತೂಗುಹಾಕಿದ ಭಾರ."

ಗೆದ್ದ ಗಂಟೆ ಜೀಪು ಹತ್ತಿ ಗುಜರಿಗೆ ಹೋಯಿತು. ಸುಬ್ಬಣ್ಣನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅಂದು ಸಂಜೆ ನಾಲ್ಕು ಗಂಟೆಗೆ ನಿಜವಾದ ಮೋಡವೇ ಕವಿಯಿತು. ಕಣದಲ್ಲಿ ಸುಬ್ಬಣ್ಣನ ಅರ್ಧ ಎಕರೆ ತೋಟದ ವರ್ಷದ ಕಾಫಿಯೂ ಹರಡಿತ್ತು. ವಾಟ್ಸಾಪಿಗೆ ನೆಟ್‌ವರ್ಕ್ ಇರಲಿಲ್ಲ; ದಿಕ್ಕು ತೋಚದೆ ಸೈರನ್ ಒತ್ತಿದ. ಅದು ಊಳಿಟ್ಟಿತು. ಎಲ್ಲ ಬಾಗಿಲುಗಳೂ ದಬದಬ ಹಾಕಿಕೊಂಡವು.

"ಮಳೆ ಕಣ್ರೋ, ಮಳೆ!" ಎಂದು ಅರಚಿದ. ಸೈರನ್ನಿನ ಮುಂದೆ ಅವನ ಗಂಟಲು ಯಾರಿಗೆ ಕೇಳಬೇಕು?

ತಂಗಮ್ಮನ ಕಿಟಕಿಗೆ ಓಡಿದ. ಮಂಚದಡಿಯಿಂದ ಅವಳು ಕೂಗಿದಳು: "ಭೂಮಿ ನಡುಗುವಾಗ ಹೊರಗೆ ಓಡ್ತೀರಲ್ಲ ರೈಟ್ರೇ! ಒಳಗೆ ಬಂದು ಕಾಲು ಹಿಡ್ಕೊಳ್ಳಿ!"

"ನಿನ್ನ ಕಾಲೇ ಹಿಡೀತೇನೆ ಮಾರಾಯ್ತಿ, ಹೊರಗೆ ಬಾ!"

ಅವಳು ಬರಲಿಲ್ಲ, ಮಳೆ ಬಂತು. ಒಬ್ಬನೇ ತಲೆಗೆ ಗೋಣಿ ಹಾಕಿಕೊಂಡು ಕಣಕ್ಕೆ ಓಡಿದ ಸುಬ್ಬಣ್ಣ, ಸಾವಿತ್ರಮ್ಮ ಬಿದ್ದಿದ್ದ ಜಾಗದಲ್ಲೇ ಜಾರಿ ದೊಪ್ಪನೆ ಕೂತ.

"ನಗು ಸಾವಿತ್ರಿ," ಎಂದ. "ಈಗ ನಿನ್ನ ಸರದಿ."