ಕಿವಿಯಿಲ್ಲದ ಟಿವಿ

ನಾನು ನ್ಯಾಯ ಕೇಳಲು ಹೋದಲ್ಲೆಲ್ಲ ನನಗಿಂತ ಮೊದಲೇ ಒಂದು ನಗೆಪಾಟಲು ಹೋಗಿ ಕುರ್ಚಿ ಹಾಕಿಕೊಂಡು ಕೂತಿರುತ್ತದೆ. ನೀರಿನ ಲಾರಿಗೆ ಅಡ್ಡ ನಿಂತಾಗಲೂ ಹಾಗಾಯಿತು. ಟಿವಿ ವಿಷಯದಲ್ಲೂ ಹಾಗೇ ಆಯಿತು.

ಮದರಾಸಿನ ತ್ರಿಪ್ಲಿಕೇನಿನಲ್ಲಿರುವ ನಮ್ಮ ಮನೆಯ ಹಳೇ ಟಿವಿ ಒಂದು ಸೋಮವಾರ ಢಬ್ ಎಂದು ಸತ್ತಿತು. ಬರುವ ಭಾನುವಾರ ಸಂಜೆ ಹೆಂಡತಿಯ ತಂಗಿ ಕನ್ನಡ ಚಾನೆಲ್ಲಿನಲ್ಲಿ ಒತ್ತು ಶಾವಿಗೆ ಮಾಡಿ ತೋರಿಸುವವಳಿದ್ದಳು.

"ಅಷ್ಟರೊಳಗೆ ಒಳ್ಳೇ ಟಿವಿ ಬರಬೇಕು. ಶಾವಿಗೆ ಎಳೆ ಎಳೆಯಾಗಿ ಕಾಣಬೇಕು. ಇಲ್ಲದಿದ್ರೆ ನಾನೇ ಹೋಗಿ ಸ್ಮಾರ್ಟ್ ಟಿವಿ ತರ್ತೀನಿ," ಅಂದಳು ಹೆಂಡತಿ.

ನಾನು ಎದ್ದು ನಿಂತೆ. ನಾವು ಏನು ನೋಡುತ್ತೇವೆ, ಎಷ್ಟು ಹೊತ್ತು ನೋಡುತ್ತೇವೆ ಎಂದು ಕಂಪನಿಗೆ ಚಾಡಿ ಹೇಳುವ ಪೆಟ್ಟಿಗೆ ಅದು. ಕೆಲವಕ್ಕೆ ಮೈಕು ಬೇರೆ. ದುಡ್ಡು ಕೊಟ್ಟು ಚಾಡಿಕೋರನನ್ನು ತಂದು ನಡುಮನೆಯಲ್ಲಿ ಕೂರಿಸುವಷ್ಟು ಗುಲಾಮ ನಾನಲ್ಲ! ಇದನ್ನೆಲ್ಲ ಸಭೆಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದೆ. ನನಗೆ ಬೇರೆ ದನಿ ಇಲ್ಲ.

ಮಾತು ಕೇಳದ್ದು

ಇಬ್ಬರೂ ಒಂದು ದೊಡ್ಡ ಅಂಗಡಿಗೆ ಹೋದೆವು. ಮಾರುವ ಹುಡುಗಿ ಒಂದು ಟಿವಿ ಮುಂದೆ ನಿಲ್ಲಿಸಿ, "ಸಾರ್, ಇದು ನೀವು ಹೇಳಿದ ಮಾತು ಕೇಳುತ್ತೆ," ಅಂದಳು.

"ಅದೇ ಬೇಡ ಅನ್ನೋದು! ಚಿತ್ರ ಚೆನ್ನಾಗಿರಬೇಕು, ಮಾತು ಕೇಳಬಾರದು. ಅಂಥದ್ದು ತೋರಿಸಮ್ಮಾ."

ಆಕೆ ದಿಕ್ಕು ತೋಚದೆ ನನ್ನ ಹೆಂಡತಿಯ ಮುಖ ನೋಡಿದಳು.

"ಮಾತು ಕೇಳದ್ದು ಮನೇಲಿ ಈಗಾಗಲೇ ಒಂದಿದೆ," ಅಂದಳು ಹೆಂಡತಿ. "ಜೋಡಿ ಮಾಡ್ತಾ ಇದ್ದಾರೆ."

ನನ್ನ ಖಾಸಗಿ ವಿಷಯ

ಅಡ್ಯಾರಿನ ಅಂಗಡಿಯವನು ಉಪಾಯ ಹೇಳಿದ. "ಸ್ಮಾರ್ಟ್ ಟಿವೀನೇ ತಗೊಳ್ಳಿ ಸಾರ್. ವೈಫೈ ಕೊಡಬೇಡಿ, ಮುಗೀತು."

"ಕಳ್ಳನನ್ನ ಮನೆಗೆ ಕರೆದು, ಬೀಗದ ಕೈ ಮಾತ್ರ ಕೊಡಬೇಡಿ ಅಂತೀಯೇನಯ್ಯಾ?"

ಬರಿಗೈಯಲ್ಲಿ ಹೊರಡಲು ಮನಸ್ಸಾಗದೆ ಒಂದು ಕೇಬಲ್ ಕೊಂಡೆ. ಬಿಲ್ ಹಾಕುವಾಕೆ ಫೋನ್ ನಂಬರ್ ಕೇಳಿದಳು. ಕೊಡಲಿಲ್ಲ. ಹುಟ್ಟಿದ ದಿನ ಕೇಳಿದಳು. "ಒಂದು ಗಜ ವೈರಿಗೆ ಜಾತಕ ಯಾಕಮ್ಮಾ?" ಅಂದೆ. ಆಕೆ ಬಿಡಲಿಲ್ಲ. "ಮದುವೆ ದಿನ?"

"ಅದು ನನ್ನ ಖಾಸಗಿ ವಿಷಯ! ಪ್ರಾಣ ಹೋದರೂ ಹೇಳಲ್ಲ!"

ಅಂಗಡಿಯೇ ತಿರುಗಿ ನೋಡಿತು. ಹೆಂಡತಿ ಮೆಲ್ಲಗೆ, "ಬಿಡಮ್ಮಾ, ಅವರಿಗೆ ಗೊತ್ತಿಲ್ಲ," ಅಂದಳು.

ಪೊಂಗಲ್, ವಡೆ

ಶನಿವಾರ ದಾರಿ ಸಿಕ್ಕಿತು. ನಮ್ಮ ಬೀದಿಯ ಮೆಸ್ಸಿನಲ್ಲಿ ತಿಂಡಿಗಳ ಪಟ್ಟಿ ತೋರಿಸುತ್ತಿದ್ದ ದೊಡ್ಡ ಪರದೆಯನ್ನು ಮಾರುತ್ತಿದ್ದರು. ವೈಫೈ ಇಲ್ಲ, ಮೈಕ್ ಇಲ್ಲ, ಚಿತ್ರ ಕನ್ನಡಿಯಂತೆ. ಆಟೋದಲ್ಲಿ ತಬ್ಬಿಕೊಂಡು ತಂದೆ. ಗೋಡೆಗೆ ಹಾಕಿ, ಸ್ವಿಚ್ ಒತ್ತಿದೆ. ಪರದೆಯ ಬೆನ್ನಿಗೆ ಮೆಸ್ಸಿನವರ ಪೆನ್‌ಡ್ರೈವ್ ಹಾಗೇ ಉಳಿದಿತ್ತು. ನಡುಮನೆಯ ತುಂಬ ಪೊಂಗಲ್ ಹಬೆಯಾಡಿತು.

ಬಟ್ಟೆ ಕೊಡಲು ಬಂದ ಇಸ್ತ್ರಿಯವರು ಬಾಗಿಲಲ್ಲೇ ನಿಂತು ಪಟ್ಟಿಯನ್ನು ಮೇಲಿಂದ ಕೆಳಗೆ ಪೂರ್ತಿ ಓದಿದರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು:

"ಸಾರ್, ವಡೆ ಒಂದೇ ಕೊಡ್ತೀರಾ, ಸೆಟ್ಟಾಗೇ ತಗೋಬೇಕಾ?"

ಗೋಡೆ

ಭಾನುವಾರ ಸಂಜೆ. ಪೆನ್‌ಡ್ರೈವ್ ಕಿತ್ತು, ಅಡ್ಯಾರಿನ ಕೇಬಲ್ಲಿನಿಂದ ಸೆಟ್‌ಟಾಪ್ ಬಾಕ್ಸ್ ಜೋಡಿಸಿದೆ. ನಾದಿನಿ ಪರದೆಯ ಮೇಲೆ ಬಂದಳು. ಶಾವಿಗೆ ಎಳೆ ಎಳೆಯಾಗಿ ಕಂಡಿತು. ಬಾಯಿ ಆಡುತ್ತಿತ್ತು, ಮಾತಿಲ್ಲ! ಆ ಪರದೆಗೆ ಸ್ಪೀಕರೇ ಇರಲಿಲ್ಲ. ಕಿವಿ ಬೇಡವೆಂದು ಊರೆಲ್ಲ ಅಲೆದು ಬಾಯಿಯೂ ಇಲ್ಲದ್ದನ್ನು ತಂದಿದ್ದೆ.

ಹೆಂಡತಿ ಬೈಯಲಿಲ್ಲ. ಸೆರಗು ಕಣ್ಣಿಗೆ ಹೋಯಿತು. ನಾನು ಜೀವನದಲ್ಲಿ ಪೊಲೀಸರಿಗೆ ಹೆದರಿದವನಲ್ಲ, ಅದಕ್ಕೆ ಹೆದರಿದೆ. "ಅಯ್ಯೋ, ದನಿಯೇ ಇಲ್ಲವಲ್ಲೇ!" ಎಂದು ಪರದೆಯ ಬೆನ್ನಿಗೆ ಗುದ್ದಿದೆ.

ಆಗ, "ಹಿಟ್ಟು ಬಿಸಿ ಇರುವಾಗಲೇ ಒತ್ತಬೇಕು," ಎಂದು ನಾದಿನಿಯ ದನಿ ಗಟ್ಟಿಯಾಗಿ ಕೇಳಿಸಿತು. ಬಂದದ್ದು ಟಿವಿಯಿಂದಲ್ಲ, ಗೋಡೆಯಿಂದ. ಪಕ್ಕದ ಮನೆಯ ಮಾಮಿ ತಮ್ಮ ಟಿವಿಯ ವಾಲ್ಯೂಮ್ ಏರಿಸಿದ್ದರು. ಚಿತ್ರ ನಮ್ಮದು, ಮಾತು ಅವರದು. ಹೆಂಡತಿ ಕಡೆಯವರೆಗೂ ನಗುತ್ತ ನೋಡಿ ಅಡುಗೆಮನೆಗೆ ಹೋದಳು.

ನಾನು ಕಿಟಕಿಗೆ ಹೋದೆ. ಮಾಮಿಯವರದು ಮೂರು ತಲೆಮಾರಿನಿಂದ ಮದರಾಸು. ಕನ್ನಡದಲ್ಲಿ ಅರ್ಧ ತಮಿಳು.

"ಮಾಮಿ, ನಮ್ಮ ಟಿವಿಗೆ ದನಿ ಇಲ್ಲ ಅಂತ ಯಾರು ಹೇಳಿದ್ದು?"

"ನೀನೇ ಕಣಪ್ಪಾ! ಪ್ರೈವಸಿ, ಪ್ರೈವಸಿ ಅಂತ ವಾರದಿಂದ ಕತ್ತುತ್ತಾ, ಕೂಗ್ತಾ ಇದ್ದೀಯ. ತೆರು, ಈ ಬೀದಿ, ಕೊನೆ ಮನೇವರೆಗೂ ಕೇಳತ್ತೆ. ನೀನು ಶುರು ಮಾಡಿದ್ರೆ ನಾವು ಸೀರಿಯಲ್ ಮ್ಯೂಟ್ ಮಾಡ್ತೀವಿ."

ಮಾಮಿ ಕಿಟಕಿಗೆ ಇನ್ನಷ್ಟು ಹತ್ತಿರ ಬಂದರು. "ಅಪ್ಪುರಂ, ಇನ್ನೊಂದು ವಿಷಯ, ಬರೋ ಶುಕ್ರವಾರ ನಿಮ್ಮ ಮದುವೆ ದಿನ. ವರ್ಷಾವರ್ಷ ಅವತ್ತಿನ ಜಗಳ ಕೇಳ್ತೀನಲ್ಲ. ಒಂದು ಮೊಳ ಮಲ್ಲಿಗೆ ತಂದುಬಿಡು. ನಾನು ಹೇಳಿದ್ದು ಅಂತ ಅವಳಿಗೆ ತಿಳೀಬಾರದು."

ಜನ್ಮದಲ್ಲಿ ಮೊದಲ ಸಲ ನಾನು ಪಿಸುಗುಟ್ಟಿದೆ: "ಆಗಲಿ ಮಾಮಿ. ಒಂದು ಮೊಳ."

ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ರೀ, ಎರಡು ಮೊಳ!"