ಬಸಳೆ ಹಣ್ಣಿನ ತಾತ

೧೯೫೮ನೆಯ ಇಸವಿ ಮಾರ್ಚ್ ೩, ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ವಿಜ್ಞಾನಿಯಾದೆ. ಅದಕ್ಕೂ ಮುಂಚೆ ಮಧುಗಿರಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಆಮೇಲೂ ಅದೇ ಆಗಿದ್ದೇನೆ. ಎಲ್ಲವನ್ನೂ ತಾರೀಖು, ಗಂಟೆ ಸಮೇತ ಡೈರಿಯಲ್ಲಿ ಬರೆದಿಡುವವನು ಮೋಸ ಹೋಗುವುದಿಲ್ಲವೆಂದು ಆಗ ನಂಬಿದ್ದೆ.

ತೀರಿಹೋದ ತಾತನ ಫೋಟೋ ಮನೆಯಲ್ಲಿದ್ದದ್ದು ಒಂದೇ. ಪಾವಗಡಕ್ಕೆ ಕೊಟ್ಟಿದ್ದ ಸೋದರತ್ತೆ, ಯುಗಾದಿಗೆ ಬಂದಾಗ ತನಗೂ ಅಪ್ಪನದೊಂದು ಪಟ ಬೇಕೆಂದು ಕಾಗದ ಬರೆದಿದ್ದರು. ಗಿಡದ ರಸದಿಂದ ಫೋಟೋ ಅಚ್ಚು ಹಾಕಬಹುದೆಂದು ಹಳೆಯ ಪತ್ರಿಕೆಯೊಂದರಲ್ಲಿ ಓದಿದ್ದ ನಾನು, ಅದು ನನ್ನ ಜವಾಬ್ದಾರಿ ಎಂದು ಉತ್ತರ ಹಾಕಿದೆ. ಹಿತ್ತಲಿನ ಬಸಳೆ ಹಣ್ಣು ಹಿಂಡಿ, ಆ ನೇರಳೆ ರಸವನ್ನು ಕಾಗದಕ್ಕೆ ಬಳಿದು ಒಣಗಿಸುವುದು. ಮೇಲೆ ತಾತನ ಚಿತ್ರವಿರುವ ಫಿಲಂ, ಅದರ ಮೇಲೊಂದು ಗಾಜು ಇಟ್ಟು ಬಿಸಿಲಿಗೆ ಒಡ್ಡುವುದು. ಬಿಸಿಲು ತಾಕಿದ ಕಡೆ ರಸ ಬಿಳಿಚಿಕೊಳ್ಳುತ್ತದೆ, ಫಿಲಂ ಕಪ್ಪಗಿರುವ ಕಡೆ ಬಣ್ಣ ಉಳಿದು ತಾತ ಮೂಡುತ್ತಾರೆ. ಫಿಲಂ ಮಾಡಿಕೊಟ್ಟ ಸ್ಟುಡಿಯೋ ಸಾಬರು, ಅರ್ಧ ದಿನದಲ್ಲಿ ಕಾಗದದ ಮೇಲೂ ತಾವೇ ಹಾಕಿಕೊಡಲೇ ಎಂದು ಕೇಳಿದರು. ಅವರಿಗೆ ವೈಜ್ಞಾನಿಕ ದೃಷ್ಟಿ ಸಾಲದೆಂದು ಡೈರಿಯಲ್ಲಿ ಬರೆದುಕೊಂಡೆ.

ದಿನಾ ಅಂಗಳದಲ್ಲಿ ಗಾಜಿಟ್ಟು ಕಚೇರಿಗೆ ಹೋಗುವುದು, ಸಂಜೆ ಬಂದು ಎಂಟು ಗಂಟೆ ಬಿಸಿಲೆಂದು ಬರೆಯುವುದು. ಐದು ದಿನಕ್ಕೆ ನಲವತ್ತು ಗಂಟೆ. ಕಾಗದ ಮಾತ್ರ ಮೊದಲ ದಿನದಷ್ಟೇ ನೇರಳೆ. ಬಸಳೆಯನ್ನು ಅನುಮಾನಿಸಿದೆ, ಗಾಜನ್ನು ಅನುಮಾನಿಸಿದೆ, ಕೊನೆಗೆ ಸೂರ್ಯನನ್ನೂ ಬಿಡಲಿಲ್ಲ. ಆರನೆಯ ದಿನ ತಲೆನೋವೆಂದು ಮಧ್ಯಾಹ್ನವೇ ಬಂದರೆ, ತಾತ ಜಗಲಿಯ ನೆರಳಿನಲ್ಲಿ ಅಜ್ಜಿಯ ಹಳೇ ಸೀರೆ ಹೊದ್ದು ಮಲಗಿದ್ದರು.

"ಬದುಕಿದ್ದಾಗೆಲ್ಲ ಹೊಲದಾಗೆ ಬಿಸ್ಲಲ್ಲೇ ಬೆಂದ್ರು ಕಣ್ಲಾ ನಿಮ್ ತಾತ," ಎಂದರು ಅಜ್ಜಿ. "ಈಗ್ಲೂ ಸುಡ್ಬೇಕಾ? ನೀನು ಅತ್ಲಾಗೆ ಹೋಗ್ತಿದ್ದಂಗೆ ಎತ್ತಿಟ್ಬುಡ್ತಿದ್ದೆ. ನೀನು ಬರೋ ಹೊತ್ಗೆ ಮತ್ತೆ ಬಿಸ್ಲಿಗೆ ಮಡಗ್ತಿದ್ದೆ. ನಿನ್ ಮನ್ಸೂ ನೋಯ್ಬಾರ್ದಲ್ಲ."

ನಲವತ್ತು ಗಂಟೆಗಳನ್ನು ಹೊಡೆದುಹಾಕಿ, ಎಳೆಬಿಸಿಲಿಗೆ ಮಾತ್ರ ಅಜ್ಜಿಯನ್ನು ಒಪ್ಪಿಸಿದೆ. ಯುಗಾದಿಯ ಹಿಂದಿನ ದಿನ ತಾತ ಮೂಡಿದರು: ಪೇಟ, ಮೀಸೆ, ಕಿವಿ, ಸ್ವಲ್ಪ ಮೂಗು.

ಅತ್ತೆ ಬಂದು ಪಟವನ್ನು ಕಣ್ಣಿಗೊತ್ತಿಕೊಂಡು ಅತ್ತರು. ಈ ಚಿತ್ರವನ್ನು ಮೂಡಿಸಿದ ಬೆಳಕೇ ಅಳಿಸಿಯೂ ಹಾಕುತ್ತದೆ, ಪೆಟ್ಟಿಗೆಯಲ್ಲಿ ಮುಚ್ಚಿಡಬೇಕು ಎಂಬುದೂ ಅದೇ ಪತ್ರಿಕೆಯಲ್ಲಿತ್ತು. ಆ ಹೊತ್ತಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅತ್ತೆ ಅದನ್ನು ಪಾವಗಡಕ್ಕೆ ಒಯ್ದು, ಬಾಗಿಲಿಗೆ ಎದುರಾಗಿ, ಇಡೀ ಮನೆಯಲ್ಲೇ ಹೆಚ್ಚು ಬೆಳಕಿರುವ ಗೋಡೆಗೆ ಹಾಕಿದರು. ತಿಂಗಳಿಗೆ ಮೀಸೆ ಹೋಯಿತೆಂದು ಕಾಗದ ಬಂತು, ಆಮೇಲೆ ಪೇಟ. ಹೊಸದಾಗಿ ಸುಣ್ಣ ಬಳಿಸಿದ್ದೇ ತಪ್ಪಾಯಿತೇನೋ ಎಂದು ಅತ್ತೆ ಕೇಳಿದ್ದರು. ಇರಬಹುದು ಎಂದು ಉತ್ತರಿಸಿದೆ. ಆ ದಿನದ ತಾರೀಖನ್ನು ಬರೆದಿಟ್ಟಿಲ್ಲ.

ಗಿಡದ ಬಣ್ಣ ಬೆಳಕಿನಲ್ಲೂ ನಿಲ್ಲುವಂತೆ ಮಾಡಲು ಬಲ್ಲವರು ದಯವಿಟ್ಟು ನನಗೆ ಬರೆಯಿರಿ, ಕೊಂಚ ಬೇಗ. ಕೊನೆಯ ಕಾಗದದ ಪ್ರಕಾರ ಈಗ ಉಳಿದಿರುವುದು ಒಂದು ಕಿವಿ. ಅತ್ತೆ ದಿನಾ ಅದಕ್ಕೇ ಹೂವಿಡುತ್ತಿದ್ದಾರೆ.